ಅಳತೆಗೆ ತಕ್ಕ ಮೌಂಟನ್ ಬೈಕ್ ಹುಡುಕಿಕೊಂಡು

ಸೈಕಲ್ ಅಂಗಡಿಯವರು ಮೊದಲು ಕೇಳುವುದು ಬಜೆಟ್, ಆಮೇಲೆ ಬಣ್ಣ. ನಿಮ್ಮ ಎತ್ತರವೆಷ್ಟು, ಯಾವ ದಾರಿಯಲ್ಲಿ ಓಡಿಸುತ್ತೀರಿ ಎಂದು ವಿಚಾರಿಸುವ ಅಂಗಡಿ ಸಿಕ್ಕಿದರೆ ಬೇರೆ ಕಡೆ ಅಲೆಯಬೇಡಿ, ಅಲ್ಲೇ ಕುಳಿತು ವ್ಯವಹಾರ ಮುಗಿಸಿ. ಅಳತೆಗೆ ತಕ್ಕ ಸೈಕಲ್ ಕೈಗೆ ಸಿಗುವಷ್ಟರಲ್ಲಿ ನನ್ನ ಪಾಲಿಗೆ 2025ರ ಗಣೇಶನ ಹಬ್ಬ, ದಸರಾ, ದೀಪಾವಳಿ ಮೂರೂ ಕಳೆದಿದ್ದವು. ಇದೇ ಹಾದಿ ಹಿಡಿಯುವವರಿಗೆ ಸ್ವಲ್ಪವಾದರೂ ಅಲೆದಾಟ ಉಳಿಯಲಿ ಎಂದು, ಎಲ್ಲವೂ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನನ್ನ ಊರು ಚಿಕ್ಕಮಗಳೂರು. ಎತ್ತರ ಐದು ಅಡಿ ಎರಡು ಇಂಚು. ಪಿಯುಸಿ ಮುಗಿದ ಮೇಲೆ ಸೈಕಲ್ ಮುಟ್ಟಿರಲಿಲ್ಲ, ಕಚೇರಿಗೆ ಸ್ಕೂಟರ್. ಬೇಕಾಗಿದ್ದುದು ಇಷ್ಟು: ಭಾನುವಾರ ಬೆಳಿಗ್ಗೆ ಹಿರೇಕೊಳಲೆ ಕೆರೆಯ ಕಡೆಗೆ ಹೋಗಿಬರಬೇಕು, ಪರಿಚಯದವರ ಕಾಫಿ ತೋಟದೊಳಗಿನ ಜೀಪ್ ರಸ್ತೆಗಳಲ್ಲಿ ಸುತ್ತಬೇಕು, ಮೈ ಹದವಾದ ಮೇಲೆ ಬೆಟ್ಟದ ದಾರಿ ಶುರುವಾಗುವ ಕೈಮರದಿಂದ ಮೇಲಕ್ಕೆ ಏರಲು ಪ್ರಯತ್ನಿಸಬೇಕು. ಅಂದರೆ ಅರ್ಧ ಡಾಂಬರು, ಉಳಿದದ್ದು ಜಲ್ಲಿ ಮತ್ತು ಕೆಂಪು ಮಣ್ಣು. ಬಂಡೆಗಳ ಮೇಲಿಂದ ಹಾರುವ ಉದ್ದೇಶ ಅಂದೂ ಇರಲಿಲ್ಲ, ಇಂದೂ ಇಲ್ಲ. ಅಂಗಡಿಗೆ ಕಾಲಿಡುವ ಮೊದಲು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇಲ್ಲದಿದ್ದರೆ ಅಲ್ಲಿ ನಿಮಗೆ ಏನು ಬೇಕೆಂಬುದನ್ನು ಅವರೇ ತೀರ್ಮಾನಿಸುತ್ತಾರೆ.

ಊರಿನ ಅಂಗಡಿಗಳಲ್ಲಿ ಎದುರಿಗೇ ನಿಲ್ಲಿಸಿದ್ದುದು ಎರಡು ಬಗೆ. ನಾಲ್ಕು ಇಂಚು ಅಗಲದ ಟೈರಿನ ದಪ್ಪ ಸೈಕಲ್ ಒಂದು, ಸೀಟಿನ ಕೆಳಗೂ ಸ್ಪ್ರಿಂಗ್ ಇರುವ ಡಬಲ್ ಸಸ್ಪೆನ್ಷನ್‌ನದು ಇನ್ನೊಂದು. ಎರಡೂ 12ರಿಂದ 16 ಸಾವಿರದ ಒಳಗೆ. ಹುಡುಗರು ಮುಗಿಬೀಳುತ್ತಾರೆ, ತಪ್ಪೇನಿಲ್ಲ, ನೋಡಲು ಭರ್ಜರಿಯಾಗಿಯೇ ಇರುತ್ತವೆ. ಆದರೆ ಒಮ್ಮೆ ಎತ್ತಿ ನೋಡಿ. ದಪ್ಪ ಟೈರಿನದು ಸುಲಭವಾಗಿ 18 ಕಿಲೋ ದಾಟುತ್ತದೆ. ಅಗ್ಗದ ಡಬಲ್ ಸಸ್ಪೆನ್ಷನ್‌ನಲ್ಲಿ ಏರು ಹತ್ತುವಾಗ ನೀವು ತುಳಿದ ಬಲದಲ್ಲಿ ಒಂದು ಪಾಲು ಹಿಂದಿನ ಸ್ಪ್ರಿಂಗ್ ಅದುಮುವುದಕ್ಕೇ ಖರ್ಚಾಗುತ್ತದೆ, ವರ್ಷದೊಳಗೆ ಅದರ ಕೀಲುಗಳು ಕಿರುಗುಟ್ಟಲು ಶುರು ಮಾಡುತ್ತವೆ. ಒಳ್ಳೆಯ ಡಬಲ್ ಸಸ್ಪೆನ್ಷನ್ ಸೈಕಲ್‌ಗಳು ಇವೆ, ಅವುಗಳ ಬೆಲೆ ಲಕ್ಷದ ಮೇಲೆ. ನಮ್ಮ ಬಜೆಟ್ಟಿನಲ್ಲಿ ಮುಂದೆ ಮಾತ್ರ ಸಸ್ಪೆನ್ಷನ್ ಇರುವ, ಅಂದರೆ ಹಾರ್ಡ್‌ಟೇಲ್ ಎಂದು ಕರೆಯುವ ಅಲ್ಯೂಮಿನಿಯಂ ಫ್ರೇಮಿನ ಸೈಕಲ್ ಒಂದೇ ದಾರಿ.

ಅಳತೆಯ ವಿಷಯಕ್ಕೆ ಬರುತ್ತೇನೆ. ಇಡೀ ಪ್ರಕರಣದಲ್ಲಿ ನನ್ನ ತಾಳ್ಮೆ ಪರೀಕ್ಷಿಸಿದ್ದು ಇದೊಂದೇ.

ಮನೆಯಲ್ಲಿ ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿ. ದಪ್ಪ ರಟ್ಟಿನ ಪುಸ್ತಕವೊಂದನ್ನು ಎರಡು ಕಾಲಿನ ನಡುವೆ, ಅದರ ಅಂಚು ಗೋಡೆಗೆ ತಾಗುವಂತೆ, ಸೀಟಿನ ಮೇಲೆ ಕುಳಿತಷ್ಟೇ ಬಿಗಿಯಾಗಿ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿಗೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ನೆಲದಿಂದ ಅಳೆಯಿರಿ. ನನ್ನದು 74 ಸೆಂಟಿಮೀಟರ್ ಬಂತು. ಇದನ್ನು 0.883ರಿಂದ ಗುಣಿಸಿದರೆ ಪೆಡಲ್ ತಿರುಗುವ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗಿನ ಅಂದಾಜು ಎತ್ತರ ಸಿಗುತ್ತದೆ. ನನಗೆ 65 ಸೆಂಟಿಮೀಟರ್ ಚಿಲ್ಲರೆ. ಅದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ: ಸೀಟಿನ ಮುಂದೆ, ಮೇಲಿನ ಕಂಬಿಯ ಎರಡೂ ಬದಿಗೆ ಕಾಲಿಟ್ಟು ನಿಂತಾಗ ಕಂಬಿಗೂ ನಿಮಗೂ ನಡುವೆ ಕನಿಷ್ಠ ಎರಡು ಇಂಚು ಜಾಗ ಉಳಿಯಬೇಕು. ಕಲ್ಲಿನ ದಾರಿಯಲ್ಲಿ ತಟ್ಟನೆ ಕಾಲು ಕೆಳಗಿಡಬೇಕಾಗಿ ಬಂದಾಗ ಆ ಎರಡು ಇಂಚಿನ ಬೆಲೆ ಗೊತ್ತಾಗುತ್ತದೆ.

ಊರಿನಲ್ಲಿ ಇದ್ದ ಹಾರ್ಡ್‌ಟೇಲ್‌ಗಳೆಲ್ಲ ಮೀಡಿಯಂ ಅಳತೆಯವು, ಅದರಲ್ಲೂ 29 ಇಂಚಿನ ಚಕ್ರದವು. ಕಂಬಿ ದಾಟಿ ನಿಂತರೆ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. "ಸೀಟು ಇಳಿಸಿಕೊಡುತ್ತೇವೆ ಮೇಡಂ, ಸರಿಹೋಗುತ್ತದೆ" ಎಂದರು. ಸೀಟು ಇಳಿಸಿದರೆ ಸೀಟು ಇಳಿಯುತ್ತದೆ, ಕಂಬಿ ಇಳಿಯುವುದಿಲ್ಲ. ಹ್ಯಾಂಡಲ್ ಕೂಡ ಹತ್ತಿರ ಬರುವುದಿಲ್ಲ. ಅಳತೆ ಮೀರಿದ ಸೈಕಲ್‌ನಲ್ಲಿ ತೋಳು ಚಾಚಿ ಕುಳಿತು ಅರ್ಧ ಗಂಟೆಯಲ್ಲಿ ಕತ್ತು ಹಿಡಿಯುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಲಿವರ್‌ಗೆ ಬೆರಳು ಸರಿಯಾಗಿ ಎಟುಕುವುದಿಲ್ಲ. ಮತ್ತೊಂದು ಕಡೆ ಚಿಕ್ಕ ಅಳತೆ ಕೇಳಿದ್ದಕ್ಕೆ ಮುಂದೆ ಬುಟ್ಟಿ ಇರುವ ಗುಲಾಬಿ ಬಣ್ಣದ ಲೇಡೀಸ್ ಸೈಕಲ್ ತಂದು ನಿಲ್ಲಿಸಿದರು. ಬುಟ್ಟಿಯಲ್ಲಿ ಹೂವು ತರಬಹುದಿತ್ತು, ಕೈಮರದ ಏರು ಹತ್ತಲಾಗುತ್ತಿರಲಿಲ್ಲ.

ಹೀಗಾಗಿ ಬೆಂಗಳೂರು. ಹೀರೋ, ಫೈರ್‌ಫಾಕ್ಸ್, ಮಾಂಟ್ರಾದಿಂದ ಹಿಡಿದು ಡೆಕಾಥ್ಲಾನ್‌ನ ರಾಕ್‌ರೈಡರ್, ಟ್ರೆಕ್, ಜೈಂಟ್, ಸ್ಕಾಟ್‌ವರೆಗೆ ಅಲ್ಲಿ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಒಂದು ಕಂಪನಿಯ ಸ್ಮಾಲ್ ಇನ್ನೊಂದು ಕಂಪನಿಯ ಸ್ಮಾಲ್‌ಗೆ ಸಮವಲ್ಲ ಎಂಬುದನ್ನು ಅಲ್ಲಿ ಕುಳಿತು ನೋಡಿದಾಗಲೇ ತಿಳಿಯಿತು. ಹೆಚ್ಚಿನ ಅಂಗಡಿಗಳು ಓಡಿಸಿ ನೋಡಲು ಬಿಟ್ಟಿದ್ದು ಮುಂದಿನ ಪಾರ್ಕಿಂಗ್ ಜಾಗದಲ್ಲಿ ಮಾತ್ರ. ಸಮತಟ್ಟಾದ ಸಿಮೆಂಟಿನ ಮೇಲೆ ಎಲ್ಲ ಸೈಕಲ್‌ಗಳೂ ಚೆನ್ನಾಗಿಯೇ ಓಡುತ್ತವೆ. ನೆಲಮಾಳಿಗೆಯ ಪಾರ್ಕಿಂಗ್‌ಗೆ ಇಳಿಯುವ ರ‍್ಯಾಂಪ್ ಇದ್ದರೆ ಒಪ್ಪಿಗೆ ಕೇಳಿ ಅದರಲ್ಲಿ ಹತ್ತಿಳಿಯಿರಿ. ಹತ್ತುವಾಗ ಅತಿ ಹಗುರ ಗೇರ್, ಇಳಿಯುವಾಗ ಬ್ರೇಕ್. ಎರಡು ನಿಮಿಷದಲ್ಲಿ ಗೊತ್ತಾಗುವಷ್ಟು ಸಂಗತಿ ಕಂಪನಿಯ ಕೈಪಿಡಿ ಓದಿದರೂ ಗೊತ್ತಾಗುವುದಿಲ್ಲ.

ಗೇರ್ ಬಗ್ಗೆ ಅಂಗಡಿಯವರು ಹೇಳುವುದು ಒಟ್ಟು ಸಂಖ್ಯೆ: 21 ಗೇರ್, 24 ಗೇರ್. ಮಲೆನಾಡಿನವರಿಗೆ ಬೇಕಾದ ಲೆಕ್ಕ ಅದಲ್ಲ. ಮುಂದಿನ ಅತಿ ಚಿಕ್ಕ ಹಲ್ಲುಚಕ್ರದ ಹಲ್ಲುಗಳನ್ನು ಹಿಂದಿನ ಅತಿ ದೊಡ್ಡದರ ಹಲ್ಲುಗಳಿಂದ ಭಾಗಿಸಿ. ಮುಂದೆ 22, ಹಿಂದೆ 34 ಇದ್ದರೆ 0.65 ಬರುತ್ತದೆ. ಮುಂದೆ 28, ಹಿಂದೆ 28 ಇದ್ದರೆ 1. ಈ ಅಂಕಿ ಚಿಕ್ಕದಾದಷ್ಟೂ ಏರು ಹಗುರ. ಈಗ ಮುಂದೆ ಒಂದೇ ಹಲ್ಲುಚಕ್ರ ಇರುವ ಮಾದರಿಗಳು ಹೆಚ್ಚಾಗಿವೆ. ಅವು ಸರಳ, ಚೈನ್ ಬೀಳುವುದು ಕಡಿಮೆ. ಆದರೆ ಮುಂದೆ 32, ಹಿಂದೆ 42 ಇದ್ದರೆ ಲೆಕ್ಕ 0.76ಕ್ಕೆ ನಿಲ್ಲುತ್ತದೆ, ನನ್ನಂಥ ಹೊಸಬರಿಗೆ ಘಟ್ಟದಲ್ಲಿ ಅದು ಭಾರವೇ. ನಾನು ಹಳೆಯ ಪದ್ಧತಿಯ ಮೂರು ಗುಣಿಸು ಎಂಟಕ್ಕೇ, ಅಂದರೆ ಮುಂದೆ ಮೂರು, ಹಿಂದೆ ಎಂಟು ಹಲ್ಲುಚಕ್ರಕ್ಕೇ ಒಪ್ಪಿಕೊಂಡೆ. ಹಿಂದಿನ ಹಲ್ಲುಗಳ ಗುಂಪು ಚಕ್ರದ ನಡುವಿನ ಹಬ್‌ಗೆ ತಿರುಪಿನಂತೆ ತಿರುಗಿಸಿ ಕೂರಿಸಿದ್ದೋ, ಜಾರಿಸಿ ಕೂರಿಸುವ ಕ್ಯಾಸೆಟ್ಟೋ ಎಂದು ತಪ್ಪದೆ ಕೇಳಿ. ಏಳು ಗೇರಿನ ಅಗ್ಗದ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಮೊದಲನೆಯದು ಇರುತ್ತದೆ. ಕಲ್ಲು ದಾರಿಯ ಕುಟ್ಟಾಟಕ್ಕೆ ಅದರ ಅಚ್ಚು ಬೇಗ ಬಾಗುತ್ತದೆ. ಎಂಟರಿಂದ ಮೇಲೆ ಬಹುಪಾಲು ಕ್ಯಾಸೆಟ್.

ಬ್ರೇಕ್‌ನಲ್ಲಿ ಮಾತ್ರ ಚೌಕಾಸಿ ಬೇಡ. ತಂತಿಯ ಡಿಸ್ಕ್ ಬ್ರೇಕ್ ಕೆಟ್ಟದ್ದೇನಲ್ಲ, ಯಾವ ಊರಿನಲ್ಲಾದರೂ ರಿಪೇರಿಯಾಗುತ್ತದೆ. ಆದರೂ ಉದ್ದ ಇಳಿಜಾರಿನಲ್ಲಿ ಒಂದೇ ಬೆರಳಿನಲ್ಲಿ ನಿಲ್ಲಿಸಬಲ್ಲ ಎಣ್ಣೆಯ (ಹೈಡ್ರಾಲಿಕ್) ಬ್ರೇಕ್ ಸಿಗುವುದಾದರೆ ಅದಕ್ಕಾಗಿ ನಾಲ್ಕೈದು ಸಾವಿರ ಹೆಚ್ಚು ಕೊಡಬಹುದು. ಹೊಸ ಡಿಸ್ಕ್ ಮೊದಲ ದಿನ ಹಿಡಿಯುವುದಿಲ್ಲ, ಗಾಬರಿಯಾಗಬೇಡಿ. ಖಾಲಿ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ವೇಗಕ್ಕೆ ಹೋಗಿ, ಚಕ್ರ ಕಚ್ಚಿಕೊಳ್ಳದಂತೆ ನಡಿಗೆಯ ವೇಗಕ್ಕೆ ಇಳಿಸುವುದನ್ನು ಮತ್ತೆ ಮತ್ತೆ ಮಾಡಿದರೆ ಪ್ಯಾಡ್ ಹದಕ್ಕೆ ಬರುತ್ತದೆ. ಇನ್ನೊಂದು ಸಂಗತಿ: ಸ್ಕೂಟರ್ ಓಡಿಸುವ ನಮಗೆ ಮುಂದಿನ ಬ್ರೇಕ್ ಬಲಗೈಯಲ್ಲಿ ಇರಬೇಕು. ಹೊರದೇಶದ ಮಾರುಕಟ್ಟೆಗೆ ಜೋಡಿಸಿದ ಕೆಲವು ಸೈಕಲ್‌ಗಳಲ್ಲಿ ಅದು ಎಡಗೈಗೆ ಬಂದಿರುತ್ತದೆ. ಕೊಳ್ಳುವ ಮೊದಲೇ ಹೇಳಿ ಬದಲಿಸಿಕೊಳ್ಳಿ.

ಮುಂದಿನ ಸಸ್ಪೆನ್ಷನ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 40 ಸಾವಿರದ ಕೆಳಗೆ ಬಹುತೇಕ ಎಲ್ಲವೂ ಲೋಹದ ಸ್ಪ್ರಿಂಗಿನವು, 80ರಿಂದ 100 ಮಿಲಿಮೀಟರ್ ಕುಸಿಯುತ್ತವೆ. ಡಾಂಬರಿನಲ್ಲಿ ಅದನ್ನು ಬಿಗಿಗೊಳಿಸುವ ಲಾಕ್ ಇದ್ದರೆ ಸಾಕು.

ಹಿಡಿಸಿದ ಮಾದರಿಯಲ್ಲಿ, 27.5 ಇಂಚಿನ ಚಕ್ರದ, ಸ್ಮಾಲ್ ಫ್ರೇಮ್ ಬೆಂಗಳೂರಿನಲ್ಲೂ ಇರಲಿಲ್ಲ. 5,000 ಮುಂಗಡ ಕೊಟ್ಟು ಬಂದೆ. "ಮುಂದಿನ ವಾರ" ಎಂದರು. ಆ ವಾರ ಬಂದಾಗ "ತಿಂಗಳ ಕೊನೆಗೆ" ಎಂದರು. ನಡುವೆ ಜಿಎಸ್‌ಟಿ ಇಳಿಯುವ ಸುದ್ದಿ ಬಂದು ಎಲ್ಲ ಅಂಗಡಿಗಳೂ ಹೊಸ ಸರಕು ತರಿಸುವುದನ್ನೇ ನಿಧಾನ ಮಾಡಿದವು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ತೆರಿಗೆ 12ರಿಂದ ಶೇಕಡಾ 5ಕ್ಕೆ ಇಳಿಯಿತು. ನಾನು ಕೇಳಿದ್ದ ಸೈಕಲ್‌ನ ಚೀಟಿಯಲ್ಲಿ 36,000 ಇತ್ತು. ಹಳೆಯ ತೆರಿಗೆ ಕಳೆದು ಹೊಸದು ಸೇರಿಸಿದರೆ 33,750 ಆಗಬೇಕು. ಬಿಲ್ ಹಾಕುವ ಹುಡುಗ ಹಳೆಯ ಚೀಟಿಯನ್ನೇ ನೋಡಿ ಬೆರಳಾಡಿಸುತ್ತಿದ್ದ, ಕ್ಯಾಲ್ಕುಲೇಟರ್ ತೋರಿಸಿದ ಮೇಲೆ ಸರಿಪಡಿಸಿದ. ಗೋದಾಮಿನಲ್ಲಿ ಉಳಿದ ಹಳೆಯ ಚೀಟಿಯ ಸರಕು ಸಿಕ್ಕರೆ ನೀವೂ ಲೆಕ್ಕ ಹಾಕಿ ನೋಡಿ.

ಮುಂಗಡ ಕೊಡುವಾಗ ರಸೀದಿಯ ಮೇಲೆ ಮಾದರಿ, ಅಳತೆ, ಬಣ್ಣ, ಒಪ್ಪಿದ ಬೆಲೆ, ಇಂಥ ದಿನದೊಳಗೆ ಬರದಿದ್ದರೆ ಹಣ ವಾಪಸ್ ಎಂಬ ಒಂದು ಸಾಲು, ಇಷ್ಟನ್ನೂ ಬರೆಸಿಕೊಳ್ಳಿ. ಆ ಸಾಲು ನನ್ನ ರಸೀದಿಯಲ್ಲಿ ಇದ್ದುದರಿಂದಲೇ ದಸರಾ ನಂತರ ಫೋನಿನಲ್ಲಿ ಅವರ ಧ್ವನಿ ಮೆತ್ತಗಾಯಿತು. ನಡುವೆ ಎರಡು ಬಾರಿ ಮೀಡಿಯಂ ಒಪ್ಪಿಕೊಳ್ಳುವಂತೆ, ಎರಡು ಸಾವಿರ ಕಡಿಮೆ ಮಾಡುವುದಾಗಿ ಆಸೆ ತೋರಿಸಿದರು. ಒಂದು ಸಂಜೆ ಸಾಕಾಗಿ, ಆಗಲಿ ಎನ್ನುವುದರಲ್ಲಿದ್ದೆ. ಗೋಡೆಯ ಮೇಲಿನ ಪೆನ್ಸಿಲ್ ಗೆರೆ ನೋಡಿ ಸುಮ್ಮನಾದೆ.

ಕಂತಿನಲ್ಲಿ ಕೊಳ್ಳುವವರಿಗೆ ಒಂದು ಮಾತು. ಬಡ್ಡಿ ಇಲ್ಲದ ಕಂತು ಎಂದು ಹೇಳಿದರೂ ಪ್ರಕ್ರಿಯಾ ಶುಲ್ಕ ಇರುತ್ತದೆ, ಆ ಶುಲ್ಕದ ಮೇಲೆ ಶೇಕಡಾ 18ರ ತೆರಿಗೆ ಬೇರೆ. ನಗದಿಗೆ ಸಿಗುವ ರಿಯಾಯಿತಿ ಸಿಗುವುದಿಲ್ಲ. ಪ್ಯಾನ್, ಆಧಾರ್ ಕೇಳುತ್ತಾರೆ. ನಾನು ಯುಪಿಐನಲ್ಲಿ ಪೂರ್ತಿ ಕೊಟ್ಟೆ. ಸೈಕಲ್‌ಗೆ ನೋಂದಣಿ, ಆರ್‌ಸಿ ಯಾವುದೂ ಇಲ್ಲವಾದ್ದರಿಂದ ಅದು ನಿಮ್ಮದೆಂದು ಹೇಳುವುದು ಬಿಲ್ ಒಂದೇ. ಪೆಡಲ್ ಅಚ್ಚಿನ ಕೆಳಗೆ ಕೊರೆದಿರುವ ಫ್ರೇಮ್ ಸಂಖ್ಯೆಯನ್ನು ಬಿಲ್ ಮೇಲೆ ಬರೆಸಿ, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಕಳವಾದರೆ ಪೊಲೀಸರು ಕೇಳುವುದು ಅದನ್ನೇ, ವಾರಂಟಿಗೂ ಅದೇ ಬೇಕು.

ದೀಪಾವಳಿ ಕಳೆದು ಕರೆ ಬಂತು. ಅದೇ ದಿನ ಉಳಿದ ಸಾಮಾನುಗಳನ್ನೂ ಕೊಂಡೆ. ಹೆಲ್ಮೆಟ್ 2,200. ಒಳಗೆ ಇಎನ್ 1078 ಅಥವಾ ಸಿಪಿಎಸ್‌ಸಿ ಎಂಬ ಸುರಕ್ಷತಾ ಮಾನದಂಡದ ಗುರುತು ಇದೆಯೇ ನೋಡಿ. ಸ್ಕೂಟರ್ ಹೆಲ್ಮೆಟ್ ಹಾಕಿಕೊಂಡು ಏರು ಹತ್ತಿದರೆ ತಲೆ ಬೆಂದುಹೋಗುತ್ತದೆ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು. ಕೈಗವಸು 600: ಬಿದ್ದಾಗ ಮೊದಲು ನೆಲಕ್ಕೆ ತಾಗುವುದು ಅಂಗೈ. ಗಾಳಿಯ ಒತ್ತಡ ತೋರಿಸುವ ಮನೆಯ ಪಂಪು 1,300, ಜೊತೆಗೊಯ್ಯುವ ಚಿಕ್ಕದು 800, ಎರಡು ಟ್ಯೂಬ್ 700, ಚೈನ್ ಬಿಚ್ಚುವ ಭಾಗವೂ ಇರುವ ಮಲ್ಟಿಟೂಲ್ 900, ಟೈರ್ ಲಿವರ್ ಮತ್ತು ಪ್ಯಾಚ್ 250, ಮುಂದೆ ಹಿಂದೆ ದೀಪ 900, ಚೈನ್ ಎಣ್ಣೆ 450, ಪ್ಯಾಡ್ ಇರುವ ಚಡ್ಡಿ 1,200. ಕೊನೆಯದನ್ನು ಕೊಳ್ಳಲು ಸಂಕೋಚಪಡಬೇಡಿ. ಟ್ಯೂಬ್ ಕೊಳ್ಳುವಾಗ ಮೋಟರ್ ಬೈಕ್‌ಗೆ ಇರುವಂಥ ದಪ್ಪ ವಾಲ್ವಿನದನ್ನೇ ಕೇಳಿ, ನಿಮ್ಮ ರಿಮ್‌ನ ತೂತು ಅದಕ್ಕೆ ಹೊಂದಿದರೆ. ಸಣ್ಣ ವಾಲ್ವಿಗೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಾಕಿಸಬೇಕಾದರೆ ಅಡಾಪ್ಟರ್ ಜೇಬಿನಲ್ಲಿ ಇರಬೇಕು.

ಎಲ್ಲರೂ ಮರೆಯುವ ಒಂದು ವಸ್ತು ಡಿರೇಲರ್ ಹ್ಯಾಂಗರ್. ಹಿಂದಿನ ಗೇರ್ ಯಂತ್ರವನ್ನು ಫ್ರೇಮಿಗೆ ಹಿಡಿದಿಡುವ ಅಲ್ಯೂಮಿನಿಯಂ ತುಂಡು ಅದು. ಪೆಟ್ಟು ಬಿದ್ದರೆ ಫ್ರೇಮ್ ಉಳಿಸಿ ತಾನು ಬಾಗಲಿ ಎಂದೇ ಮೆತ್ತಗೆ ಮಾಡಿರುತ್ತಾರೆ. ಒಂದೊಂದು ಫ್ರೇಮಿಗೂ ಅದರದೇ ಆಕಾರ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಕೊಂಡ ದಿನವೇ 450 ಕೊಟ್ಟು ಇನ್ನೊಂದನ್ನು ತೆಗೆದಿಟ್ಟುಕೊಂಡೆ.

ಅದು ಮನೆ ಮುಟ್ಟುವ ಮೊದಲೇ ಕೆಲಸಕ್ಕೆ ಬಂತು. ರಾತ್ರಿ ಬಸ್ಸಿನ ಲಗೇಜ್ ಡಿಕ್ಕಿಯಲ್ಲಿ ಸೈಕಲ್ ತಂದೆ. ಮುಂದಿನ ಚಕ್ರ ಬಿಚ್ಚಿ, ಬ್ರೇಕ್ ಪ್ಯಾಡ್‌ಗಳ ನಡುವೆ ಮಡಿಸಿದ ರಟ್ಟು ಸಿಕ್ಕಿಸಿ, ಚೈನ್ ಇರುವ ಬದಿ ಮೇಲೆ ಬರುವಂತೆ ಮಲಗಿಸಿದ್ದಾಯಿತು. ರಟ್ಟು ಏಕೆಂದರೆ, ನಡುವೆ ಡಿಸ್ಕ್ ಇಲ್ಲದಾಗ ಯಾರಾದರೂ ಎಣ್ಣೆ ಬ್ರೇಕ್‌ನ ಲಿವರ್ ಅದುಮಿದರೆ ಪ್ಯಾಡ್‌ಗಳು ಅಂಟಿಕೊಂಡು ಕೂರುತ್ತವೆ. ಹಾಸನದಲ್ಲಿ ಯಾರದೋ ಎರಡು ಮೂಟೆ ಅದರ ಮೇಲೇರಿತು. ಬೆಳಿಗ್ಗೆ ಇಳಿಸಿ ನೋಡಿದರೆ ಹ್ಯಾಂಗರ್ ಒಳಕ್ಕೆ ಬಾಗಿ, ಹಗುರ ಗೇರಿಗೆ ಹಾಕಿದರೆ ಚೈನ್ ಕಡ್ಡಿಗಳ ಕಡೆಗೆ ಹಾರುತ್ತಿತ್ತು. ಮುಂದಿನ ಡಿಸ್ಕ್ ಕೂಡ ಚಿಂಯ್ ಚಿಂಯ್ ಎಂದು ಉಜ್ಜುತ್ತಿತ್ತು. ಹೊಸ ವಸ್ತು ಮನೆಗೆ ಬಂದ ಬೆಳಿಗ್ಗೆ ಅಳು ಬರುವುದು ಹೇಗೆಂದು ಅಂದು ತಿಳಿಯಿತು.

ಪೇಟೆಯಲ್ಲಿ ದಶಕಗಳಿಂದ ಸೈಕಲ್ ಕೆಲಸ ಮಾಡುವ ಹಿರಿಯರೊಬ್ಬರ ಬಳಿ ಒಯ್ದೆ. ಎಣ್ಣೆಯ ಬ್ರೇಕ್ ತಾವು ಹೆಚ್ಚು ಮುಟ್ಟಿಲ್ಲ ಎಂದು ನೇರವಾಗಿ ಹೇಳಿದರು, ಅದೇ ಧೈರ್ಯ ಕೊಟ್ಟಿತು. ಹ್ಯಾಂಗರ್ ಬದಲಿಸಿ, ಗೇರ್ ತಂತಿ ಎಳೆದು ಕೂರಿಸಿದರು. ಆಮೇಲೆ ನೆಲದ ಮೇಲೆ ಕುಳಿತು, ಬ್ರೇಕ್‌ನ ಹಿಂದೆ ಬಿಳಿ ಕಾಗದ ಹಿಡಿಯುವಂತೆ ನನಗೆ ಹೇಳಿ, ಒಂದು ಕಣ್ಣು ಮುಚ್ಚಿ ಡಿಸ್ಕ್‌ನ ಎರಡೂ ಬದಿಯ ಸಂದು ನೋಡುತ್ತ ಚಕ್ರ ತಿರುಗಿಸಿದರು. ಉಜ್ಜುವ ಜಾಗಕ್ಕೆ ಸೀಮೆಸುಣ್ಣದ ಗುರುತು. ಅಡ್ಜಸ್ಟಬಲ್ ಸ್ಪ್ಯಾನರ್‌ನ ಬಾಯಿಗೆ ಶುದ್ಧ ಬಟ್ಟೆ ಸುತ್ತಿ, ಡಿಸ್ಕ್‌ನ ಅಂಚು ಹಿಡಿದು ಕೂದಲೆಳೆಯಷ್ಟು ಬಾಗಿಸಿದರು. ಬ್ರೇಕ್‌ನ ಎರಡು ಬೋಲ್ಟ್ ಸಡಿಲಿಸಿ, ಲಿವರ್ ಅದುಮಿ ಹಿಡಿಸಿ, ಹಾಗೆಯೇ ಬಿಗಿ ಮಾಡಿದರು. ಸದ್ದು ನಿಂತಿತು. 250 ರೂಪಾಯಿ ತೆಗೆದುಕೊಂಡರು.

ಸಣ್ಣ ಊರಿನವರು ಒಂದು ಎಚ್ಚರ ವಹಿಸಬೇಕು. ಎಣ್ಣೆ ಬ್ರೇಕ್ ಮೆತ್ತಗಾದರೆ ಮೋಟರ್ ಬೈಕ್ ಮೆಕ್ಯಾನಿಕ್ ಬಳಿ ಹೋಗಿ ಅವರಲ್ಲಿರುವ ಡಾಟ್ ದ್ರವ ಹಾಕಿಸಬೇಡಿ. ಶಿಮಾನೊ, ಟೆಕ್ಟ್ರೊ ಬ್ರೇಕ್‌ಗಳಿಗೆ ಬೇಕಾದದ್ದು ಮಿನರಲ್ ಆಯಿಲ್. ಡಾಟ್ ದ್ರವ ಒಳಗಿನ ರಬ್ಬರ್‌ಗಳನ್ನು ಹಾಳು ಮಾಡುತ್ತದೆ. ಚೈನ್‌ಗೆ ಎಣ್ಣೆ ಚಿಮುಕಿಸುವಾಗ ಒಂದು ಹನಿ ಡಿಸ್ಕ್‌ಗೆ ಬಿದ್ದರೂ ಪ್ಯಾಡ್ ಹೋಯಿತೆಂದೇ ಲೆಕ್ಕ. ಆನ್‌ಲೈನ್‌ನಲ್ಲಿ ತರಿಸುವವರು ಇನ್ನೂ ಎರಡು ನೋಡಿಕೊಳ್ಳಿ. ಮುಂದಿನ ಡಿಸ್ಕ್ ಸವಾರರ ಎಡಗಡೆ, ಅದರ ಬ್ರೇಕ್ ಫೋರ್ಕ್‌ನ ಹಿಂಬದಿಯಲ್ಲಿ ಇರಬೇಕು. ನಮ್ಮ ಬೀದಿಯ ಹುಡುಗನೊಬ್ಬನ ಸೈಕಲ್‌ನ ಫೋರ್ಕ್ ಹಿಂದುಮುಂದಾಗಿ ಜೋಡಣೆಯಾಗಿ ತಿಂಗಳುಗಟ್ಟಲೆ ಓಡಿತ್ತು. ಎಡ ಪೆಡಲ್‌ನ ತಿರುಪು ಉಲ್ಟಾ ಇರುತ್ತದೆ, ಬಲವಂತ ಮಾಡಿದರೆ ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್ ಕೆಡುತ್ತದೆ.

ಕಾಫಿ ಕೊಯ್ಲು ಶುರುವಾದ ಹೊತ್ತಿಗೆ ತೋಟದ ದಾರಿಗಿಳಿದೆ. ಸೈಕಲ್ ಜೊತೆ ಬಂದ ಪ್ಲಾಸ್ಟಿಕ್ ಪೆಡಲ್ ಒದ್ದೆ ಚಪ್ಪಲಿಗೂ ಹಿಡಿಯಲಿಲ್ಲ, ಶೂಗೂ ಹಿಡಿಯಲಿಲ್ಲ. ಮೊಣಕಾಲ ಕೆಳಗೆ ಎರಡು ಗೀರು ಬಿದ್ದ ಮೇಲೆ ಮುಳ್ಳುಮೊಳೆ ಇರುವ ನೈಲಾನ್ ಪೆಡಲ್ 1,100ಕ್ಕೆ ತರಿಸಿದೆ. ಗಾಳಿಯ ವಿಷಯವೂ ಇದೆ. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನಂತೆ ಗಟ್ಟಿಯಾಗುವವರೆಗೆ ತುಂಬಿಸುತ್ತಾರೆ, ಆಗ ಜಲ್ಲಿಯ ಮೇಲೆ ಟೈರ್ ಕುಣಿಯುತ್ತದೆ. ನನ್ನ ತೂಕಕ್ಕೆ, 2.1 ಇಂಚಿನ ಟೈರಿಗೆ 30ರ ಆಸುಪಾಸಿನ ಪಿಎಸ್‌ಐ ಹಿತವಾಗಿದೆ. ತೀರಾ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬಿನಲ್ಲಿ ಜೋಡಿ ತೂತು ಬೀಳುತ್ತದೆ. ಇಂಬಳದ ಕಾಟಕ್ಕೆ ಯಾವ ಸೈಕಲ್ ಅಂಗಡಿಯಲ್ಲೂ ಔಷಧಿ ಇಲ್ಲ. ಉದ್ದ ಕಾಲುಚೀಲ, ಸ್ವಲ್ಪ ಉಪ್ಪು, ಅಷ್ಟೇ. ತೋಟದೊಳಗೆ ಹೋಗಲು ಮಾಲೀಕರನ್ನು ಕೇಳಿ, ಕೊಯ್ಲಿನ ದಿನಗಳಲ್ಲಿ ತಿರುವುಗಳಲ್ಲಿ ಪಿಕಪ್ ಗಾಡಿಗಳು ಸದ್ದಿಲ್ಲದೆ ಎದುರಾಗುತ್ತವೆ, ಬೆಲ್ ಇರಲಿ. ಕಾಯ್ದಿಟ್ಟ ಅರಣ್ಯದ ಒಳದಾರಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ನುಗ್ಗಬೇಡಿ. ಕರ್ನಾಟಕ ಅರಣ್ಯ ಕಾಯ್ದೆಯಡಿ ಅದು ಅತಿಕ್ರಮ ಪ್ರವೇಶ, ಸೈಕಲ್ ಎಂದು ವಿನಾಯಿತಿ ಇಲ್ಲ.

ಸಾಮಾನುಗಳದ್ದೇ 10,850 ಆಯಿತು, ಸೈಕಲ್ ಸೇರಿ 44,600. ಬಸ್ಸು, ರಿಪೇರಿ ಬೇರೆ. ಕೈಯಲ್ಲಿ 35 ಸಾವಿರ ಇದ್ದರೆ ಸೈಕಲ್‌ಗೆ 26 ಇಟ್ಟುಕೊಂಡು ಉಳಿದದ್ದನ್ನು ಹೆಲ್ಮೆಟ್, ಪಂಪು, ಪೆಡಲ್, ಸಲಕರಣೆಗೆ ಬಿಡಿ. ಬಾಟಲಿ ಸ್ಟ್ಯಾಂಡ್, ಸೈಕಲ್ ಕಂಪ್ಯೂಟರ್, ಬಣ್ಣದ ಜೆರ್ಸಿ ಯಾವುದೂ ನನಗೆ ಇನ್ನೂ ಅಗತ್ಯವೆನಿಸಿಲ್ಲ. ಮೊದಲ ಸರ್ವಿಸ್ ಉಚಿತ ಎಂದು ಬಿಲ್ ಹಿಂದೆ ಅಚ್ಚಾಗಿದೆ, ಆದರೆ ಅದಕ್ಕಾಗಿ ಬೆಂಗಳೂರಿಗೆ ಸೈಕಲ್ ಹೊತ್ತೊಯ್ಯಲು ಆಗುವುದಿಲ್ಲ. ಹೊಸ ಗೇರ್ ತಂತಿ ಕೆಲವು ವಾರಗಳಲ್ಲಿ ಸಡಿಲಾಗಿ ಚೈನ್ ತಡವರಿಸುತ್ತದೆ. ಹಿಂದಿನ ಡಿರೇಲರ್‌ಗೆ ತಂತಿ ಸೇರುವ ಕಡೆ ಇರುವ ಪುಟ್ಟ ತಿರುಗಣೆಯನ್ನು ಅಪ್ರದಕ್ಷಿಣವಾಗಿ ಕಾಲು ಸುತ್ತು, ಇನ್ನೊಂದು ಕಾಲು ಸುತ್ತು ಎಂದು ತಿರುಗಿಸಿದರೆ ಸರಿಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಪೇಟೆಯ ಹಿರಿಯರು ಇದ್ದಾರೆ. ಅವರ ಅಂಗಡಿ ಬುಧವಾರ ಸಂತೆಯ ದಿನ ಮಾತ್ರ ತುಂಬಿರುತ್ತದೆ.